ನ್ಯೂಶಾಟೆಲ್ ಚೀಸ್: ಒಂದು ಸೀಮೆಯ ರೈತರು ಹೆಸರು ಉಳಿಸಿಕೊಂಡ ಬಗೆ

(ತಾಲ್ಲೂಕು ಮಟ್ಟದ ಹಾಲು ಉತ್ಪಾದಕರ ತರಬೇತಿ ಶಿಬಿರದಲ್ಲಿ ಪಶುವೈದ್ಯ ವಿಸ್ತರಣಾಧಿಕಾರಿಗಳು ಮಾಡಿದ ಭಾಷಣದ ಬರಹ ರೂಪ)



ಕಳೆದ ಶಿಬಿರದಲ್ಲಿ ಒಬ್ಬ ತಾಯಿ ನನ್ನನ್ನು ಒಂದು ಪ್ರಶ್ನೆ ಕೇಳಿದ್ದರು. ಬೆಂಗಳೂರಿನಲ್ಲಿ ಕೆಲಸ ಮಾಡುವ ಅವರ ಮಗಳು ಹಬ್ಬಕ್ಕೆ ಬಂದಾಗ ಒಂದು ಸಣ್ಣ ಡಬ್ಬಿ ತಂದಿದ್ದಳಂತೆ. ಬ್ರೆಡ್ಡಿಗೆ ಸವರಿಕೊಂಡು ತಿನ್ನುವ ಕ್ರೀಮ್ ಚೀಸ್. ತಾಯಿ ಒಂದು ಚಮಚ ಬಾಯಿಗೆ ಹಾಕಿಕೊಂಡು, "ಇದೇನು, ಮೊಸರು ಕಟ್ಟಿ ತೂಗುಹಾಕಿ ಉಪ್ಪು ಹಾಕಿದ ಹಾಗಿದೆಯಲ್ಲ!" ಎಂದರಂತೆ. ಆಮೇಲೆ ಡಬ್ಬಿಯ ಬೆಲೆ ಕೇಳಿ ಸುಮ್ಮನಾದರಂತೆ. "ಸಾರ್, ಹಾಲು ನಮ್ಮಲ್ಲೂ ಇದೆ, ಹೆಪ್ಪು ನಮ್ಮಲ್ಲೂ ಇದೆ, ಬಟ್ಟೆಯೂ ಇದೆ. ಆ ಡಬ್ಬಿಯಲ್ಲಿ ಇನ್ನೇನಿದೆ?" ಎಂಬುದು ಅವರ ಪ್ರಶ್ನೆ.

ಆ ದಿನ ನಾನು ಸರಿಯಾದ ಉತ್ತರ ಕೊಡಲಿಲ್ಲ. ಇಂದು ಕೊಡಲು ಪ್ರಯತ್ನಿಸುತ್ತೇನೆ. ಅದಕ್ಕಾಗಿ ಆ ಡಬ್ಬಿಯ ಚೀಸಿನ ಹಿರಿಯಕ್ಕ ಎನ್ನಬಹುದಾದ ಒಂದು ಫ್ರೆಂಚ್ ಚೀಸಿನ ಕಥೆ ಹೇಳಬೇಕಾಗಿದೆ. ಅದರ ಹೆಸರು ನ್ಯೂಶಾಟೆಲ್.

ಮೊದಲಿಗೆ ಒಂದು ಮಾತು. ನಿಘಂಟಿನಲ್ಲಿ ಚೀಸ್ ಎಂಬುದಕ್ಕೆ ಗಿಣ್ಣು ಎಂದು ಅರ್ಥ ಕೊಟ್ಟಿರುತ್ತಾರೆ. ಆದರೆ ನಮಗೆ ಗಿಣ್ಣು ಎಂದರೆ ಕರು ಹಾಕಿದ ಹಸುವಿನ ಮೊದಲ ಹಾಲಿನಿಂದ ಬೆಲ್ಲ, ಏಲಕ್ಕಿ ಹಾಕಿ ಮಾಡುವ ಸಿಹಿ. ಗೊಂದಲ ಬೇಡವೆಂದು ನಾನು ಚೀಸ್ ಎಂದೇ ಹೇಳುತ್ತೇನೆ.

ಫ್ರಾನ್ಸ್ ದೇಶದ ಉತ್ತರ ಭಾಗದಲ್ಲಿ ನಾರ್ಮಂಡಿ ಎಂಬ ಪ್ರಾಂತ್ಯವಿದೆ. ಅದರಲ್ಲಿ ಬ್ರೇ ಎಂಬ ಒಂದು ಸೀಮೆ. ಆ ಸೀಮೆಯ ನಡುವಿನ ಪಟ್ಟಣವೇ ನ್ಯೂಶಾಟೆಲ್. ಚೀಸಿಗೆ ಊರಿನ ಹೆಸರೇ ಬಂದಿದೆ. ಅಲ್ಲಿನ ನೆಲ ಜೇಡಿಮಣ್ಣು, ನೀರು ಬೇಗ ಇಂಗುವುದಿಲ್ಲ. ನೇಗಿಲು ಹೂಡುವುದಕ್ಕಿಂತ ಹುಲ್ಲು ಬೆಳೆಯುವುದಕ್ಕೇ ಆ ಭೂಮಿ ಸರಿ. ಆದ್ದರಿಂದ ಅಲ್ಲಿಯ ಜನ ಹಿಂದಿನಿಂದಲೂ ಹಸು ಕಟ್ಟಿದವರು. ಅಲ್ಲಿಯ ನಾರ್ಮಂಡ್ ತಳಿಯ ಹಸುವಿಗೆ ಬಿಳಿ ಮೈಮೇಲೆ ಕಂದು, ಕಪ್ಪು ಮಚ್ಚೆಗಳು. ಕಣ್ಣಿನ ಸುತ್ತ ಕನ್ನಡಕ ಹಾಕಿದಂತೆ ಬಣ್ಣ. ಹಾಲಿನಲ್ಲಿ ಜಿಡ್ಡೂ ಹೆಚ್ಚು, ಪ್ರೋಟೀನೂ ಹೆಚ್ಚು. ಚೀಸ್ ಮಾಡಲು ಇಂಥ ಹಾಲೇ ಬೇಕು.

ಹಾಲು ಹೆಚ್ಚಾಗಿ ಸಿಗುವ ಕಡೆ ಹಾಲು ಕೆಡದಂತೆ ಉಳಿಸುವುದು ಹೇಗೆಂಬ ಚಿಂತೆಯೂ ಇರುತ್ತದೆ. ರೈಲು, ಮಂಜುಗಡ್ಡೆ, ಟ್ಯಾಂಕರ್ ಯಾವುದೂ ಇಲ್ಲದ ಕಾಲದಲ್ಲಿ ಬ್ರೇ ಸೀಮೆಯ ಹಸಿ ಹಾಲು ಪ್ಯಾರಿಸ್ ನಗರ ತಲುಪುವುದು ಸಾಧ್ಯವಿರಲಿಲ್ಲ. ಹಾಲನ್ನು ಗಟ್ಟಿ ಮಾಡಿ, ಉಪ್ಪು ಹಾಕಿ ಚೀಸ್ ಮಾಡಿದರೆ ತಲುಪುತ್ತಿತ್ತು. ಈ ಸೀಮೆಯ ಚೀಸಿನ ಉಲ್ಲೇಖ 1035ನೇ ಇಸವಿಯ ಒಂದು ದಾನಪತ್ರದಷ್ಟು ಹಿಂದಕ್ಕೆ ಹೋಗುತ್ತದೆ ಎನ್ನುತ್ತಾರೆ. ಅಲ್ಲಿಯ ಒಡೆಯನೊಬ್ಬ ಮಠಕ್ಕೆ ಬಿಟ್ಟುಕೊಟ್ಟ ಕಂದಾಯದಲ್ಲಿ ಚೀಸೂ ಸೇರಿತ್ತಂತೆ.

ಈಗ ಇದನ್ನು ಮಾಡುವ ಕ್ರಮ ನೋಡೋಣ. ತಾಯಂದಿರಿಗೆ ಇದರಲ್ಲಿ ಅರ್ಧ ಕೆಲಸ ಈಗಾಗಲೇ ಗೊತ್ತಿದೆ.

ನಾವು ಪನ್ನೀರು ಮಾಡುವಾಗ ಕುದಿಯುವ ಹಾಲಿಗೆ ನಿಂಬೆಹುಳಿ ಹಾಕಿ ಒಡೆಸುತ್ತೇವೆ. ಅದು ಐದು ನಿಮಿಷದ ಕೆಲಸ. ನ್ಯೂಶಾಟೆಲ್‌ಗೆ ಅವಸರ ಆಗದು. ಹಾಲಿಗೆ ಹೆಪ್ಪು ಹಾಕುತ್ತಾರೆ, ಜೊತೆಗೆ ರೆನ್ನೆಟ್ ಎಂಬ ಪದಾರ್ಥವನ್ನು ಅತ್ಯಲ್ಪ ಪ್ರಮಾಣದಲ್ಲಿ ಬೆರೆಸುತ್ತಾರೆ. ರೆನ್ನೆಟ್ ಸಾಂಪ್ರದಾಯಿಕವಾಗಿ ಎಳೆಗರುವಿನ ನಾಲ್ಕನೇ ಹೊಟ್ಟೆಯಿಂದ ಬರುವುದು. ಸೂಕ್ಷ್ಮಾಣುಗಳಿಂದ ತಯಾರಿಸಿದ ಸಸ್ಯಾಹಾರಿ ರೆನ್ನೆಟ್ ಸಹ ಈಗ ಮಾರುಕಟ್ಟೆಯಲ್ಲಿ ಇದೆ. ಆ ಸೀಮೆಯವರು ಮಾತ್ರ ಹಳೆಯ ಪದ್ಧತಿಯವರು. ಹಾಲು ಅಲುಗಾಡದಂತೆ ಸುಮಾರು ಒಂದು ಹಗಲು ಒಂದು ರಾತ್ರಿ ಬಿಡುತ್ತಾರೆ. ಹಾಲನ್ನು ಗಟ್ಟಿ ಮಾಡುವ ಮುಖ್ಯ ಕೆಲಸ ಹೆಪ್ಪಿನ ಹುಳಿಯದು, ರೆನ್ನೆಟ್ ಅದಕ್ಕೆ ಕೈಜೋಡಿಸುತ್ತದೆ ಅಷ್ಟೆ.

ಗಟ್ಟಿಯಾದ ಮೊಸರನ್ನು ಬಟ್ಟೆಯಲ್ಲಿ ಸುರಿದು ನೀರು ಬಸಿಯಲು ಬಿಡುತ್ತಾರೆ. ನಮ್ಮ ಉತ್ತರ ಕರ್ನಾಟಕದ ಕಡೆ ಶ್ರೀಖಂಡಕ್ಕೆ ಮೊಸರು ಕಟ್ಟುವುದೂ ಇದೇ ಕೆಲಸ. ಆ ಮೇಲೆ ಭಾರ ಹೇರಿ ಒತ್ತುತ್ತಾರೆ. ಇಲ್ಲಿಯವರೆಗೆ ಆ ತಾಯಿ ಹೇಳಿದ್ದು ಪೂರ್ತಿ ಸರಿ, ಇದು ಕಟ್ಟಿದ ಮೊಸರೇ. ವ್ಯತ್ಯಾಸ ಇನ್ನು ಮುಂದೆ ಆರಂಭವಾಗುತ್ತದೆ. ಈಗಾಗಲೇ ಮಾಗಿದ ಒಂದು ನ್ಯೂಶಾಟೆಲ್ ಚೀಸನ್ನು ಪುಡಿಮಾಡಿ ಈ ಹೊಸ ಮುದ್ದೆಗೆ ಸೇರಿಸಿ ನಾದುತ್ತಾರೆ. ನಿನ್ನೆಯ ಮೊಸರಿನಿಂದ ಇಂದಿನ ಹಾಲಿಗೆ ಹೆಪ್ಪು ಹಾಕುವ ಹಾಗೆಯೇ ಇದು. ಆ ಪುಡಿಯಲ್ಲಿ ಬಿಳಿಯ ಬೂಷ್ಟಿನ ಬೀಜವಿರುತ್ತದೆ. ನಾದಿದ ಮುದ್ದೆಯನ್ನು ಅಚ್ಚಿಗೆ ಹಾಕಿ, ಮೇಲೆ ಒಣ ಉಪ್ಪು ಸವರಿ, ತಂಪಾದ ನೆಲಮಾಳಿಗೆಯಲ್ಲಿ ಕನಿಷ್ಠ 10 ದಿನ ಮಾಗಲು ಇಡುತ್ತಾರೆ. ಅಷ್ಟರಲ್ಲಿ ಮೇಲೆಲ್ಲ ಮಲ್ಲಿಗೆ ಹೂವಿನಂಥ ಬಿಳಿ ಪದರ ಬೆಳೆಯುತ್ತದೆ. ಒಳಗೆ ಮೆತ್ತಗೆ, ತುಸು ಹರಳು ಹರಳಾಗಿ, ಸ್ವಲ್ಪ ಉಪ್ಪು, ಸ್ವಲ್ಪ ಹುಳಿ.

ಅಚ್ಚುಗಳು ಆರು ಬಗೆ. ಉರುಳೆ, ಚೌಕ, ಇಟ್ಟಿಗೆ ಹೀಗೆ. ಬಹಳ ಪ್ರಸಿದ್ಧವಾದದ್ದು ಹೃದಯದ ಆಕಾರ. ನೂರು ವರ್ಷಗಳ ಯುದ್ಧದ ಕಾಲದಲ್ಲಿ, ಅಂದರೆ 1337ರಿಂದ 1453ರ ನಡುವೆ, ಅಲ್ಲಿಯ ಹೆಣ್ಣುಮಕ್ಕಳು ಇಂಗ್ಲಿಷ್ ಸೈನಿಕರಿಗೆ ಮನಸ್ಸು ತಿಳಿಸಲು ಹೃದಯದ ಅಚ್ಚಿನಲ್ಲಿ ಚೀಸ್ ಮಾಡಿ ಕೊಡುತ್ತಿದ್ದರೆಂದು ಜನ ಕಥೆ ಹೇಳುತ್ತಾರೆ. ಕಥೆ ನಿಜವೋ ಸುಳ್ಳೋ, ಅದರಿಂದ ಚೀಸ್ ಮಾತ್ರ ಚೆನ್ನಾಗಿ ಮಾರಾಟವಾಗುತ್ತದೆ.

ಬಂಧುಗಳೇ, ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಈ ಒಂದೇ ಚೀಸಿನಿಂದ 19ನೇ ಶತಮಾನದಲ್ಲಿ ಎರಡು ಕವಲುಗಳು ಹೊರಟವು.

ಮೊದಲನೆಯದು ಅದೇ ಬ್ರೇ ಸೀಮೆಯಲ್ಲಿ. 1850ರ ಸುಮಾರಿನಲ್ಲಿ ಒಬ್ಬ ರೈತ ಮಹಿಳೆಯ ಮನೆಯಲ್ಲಿ ಸ್ವಿಟ್ಜರ್ಲೆಂಡಿನಿಂದ ಬಂದ ಒಬ್ಬ ದನ ಕಾಯುವ ಆಳು ಇದ್ದನಂತೆ. ಬಸಿದ ಮೊಸರಿಗೆ ಮೇಲಿಂದ ಕೆನೆ ಸೇರಿಸಿದರೆ ಹೇಗೆಂದು ಸೂಚಿಸಿದವನು ಆತನೇ ಎಂದು ಹೇಳುತ್ತಾರೆ. ಹಾಗೆ ಮಾಡಿದ ಚೀಸ್ ಬಹಳ ನಯವಾಯಿತು, ಮಾಗಿಸುವ ಅಗತ್ಯವೂ ಇರಲಿಲ್ಲ. ಅದಕ್ಕೆ "ಪೆತಿ ಸ್ವಿಸ್", ಎಂದರೆ ಪುಟ್ಟ ಸ್ವಿಸ್ ಎಂದು ಹೆಸರಾಯಿತು. ಪ್ಯಾರಿಸ್ಸಿನ ಸಗಟು ಮಾರುಕಟ್ಟೆಯಲ್ಲಿ ಕೆಲಸಕ್ಕಿದ್ದ ಚಾರ್ಲ್ಸ್ ಝರ್ವೇ ಎಂಬಾತ ಅದರ ಬೆಲೆ ಅರಿತು ವ್ಯಾಪಾರಕ್ಕೆ ಇಳಿದ. ಮುಂದೆ ಕಾರ್ಖಾನೆ ಬಂತು, ಕಂಪನಿ ಬೆಳೆಯಿತು, 1967ರಲ್ಲಿ ಅದು ದಾನೋನ್ ಕಂಪನಿಯ ಜೊತೆ ಸೇರಿತು. ಕಂಪನಿಯ ಹೆಸರು ಲೋಕಪ್ರಸಿದ್ಧ. ಉಪಾಯ ಹೇಳಿದ ಆ ದನ ಕಾಯುವವನ ನೆನಪಿಗೆ ಉಳಿದದ್ದು ಡಬ್ಬಿಯ ಮೇಲಿನ "ಸ್ವಿಸ್" ಎಂಬ ಪದ ಮಾತ್ರ.

ಎರಡನೆಯ ಕವಲು ಅಮೆರಿಕಕ್ಕೆ ಹೋಯಿತು. ನ್ಯೂಯಾರ್ಕ್ ರಾಜ್ಯದ ಚೆಸ್ಟರ್ ಎಂಬ ಊರಿನಲ್ಲಿ ವಿಲಿಯಂ ಲಾರೆನ್ಸ್ ಎಂಬಾತ ನ್ಯೂಶಾಟೆಲ್ ಮಾದರಿಯ ಚೀಸ್ ಮಾಡುತ್ತಿದ್ದ. 1870ರ ದಶಕದಲ್ಲಿ ಅದಕ್ಕೆ ಕೆನೆ ಸೇರಿಸಿ ಹೊಸ ಚೀಸ್ ಮಾಡಿದ. ಅದೇ ಇಂದಿನ ಕ್ರೀಮ್ ಚೀಸ್. 1880ರಲ್ಲಿ ಅದಕ್ಕೆ ಫಿಲಡೆಲ್ಫಿಯಾ ಎಂಬ ಹೆಸರು ಕೊಟ್ಟು ಮಾರಿದರು. ಅದನ್ನು ಮಾಡುತ್ತಿದ್ದುದು ನ್ಯೂಯಾರ್ಕ್ ರಾಜ್ಯದಲ್ಲಿ. ಆದರೆ ಆ ಕಾಲದಲ್ಲಿ ಒಳ್ಳೆಯ ಹಾಲು ಬೆಣ್ಣೆಗೆ ಫಿಲಡೆಲ್ಫಿಯಾ ಕಡೆಯ ಹೆಸರು ದೊಡ್ಡದಿತ್ತು. ಹೆಸರಿಗೂ ಬೆಲೆಯಿದೆ ಎಂಬುದು ವ್ಯಾಪಾರಿಗೆ ಯಾವಾಗಲೂ ಗೊತ್ತು. ರೈತನಿಗೆ ಅದು ತಡವಾಗಿ ಗೊತ್ತಾಗುತ್ತದೆ.

ಇನ್ನೂ ಒಂದು ಸ್ವಾರಸ್ಯವಿದೆ. ಅಮೆರಿಕದ ಕಾನೂನಿನಲ್ಲಿ ಕ್ರೀಮ್ ಚೀಸ್ ಎಂದು ಬರೆಯಬೇಕಾದರೆ 100 ಗ್ರಾಂ ಚೀಸಿನಲ್ಲಿ ಕನಿಷ್ಠ 33 ಗ್ರಾಂ ಜಿಡ್ಡಿರಬೇಕು. ಜಿಡ್ಡು ಅದಕ್ಕಿಂತ ಕಡಿಮೆಯಿದ್ದು 20 ಗ್ರಾಮಿಗೆ ಇಳಿಯದಂತಿದ್ದರೆ ಅದಕ್ಕೆ "ನ್ಯೂಶಾಟೆಲ್" ಎಂದು ಹೆಸರು. ಅಂದರೆ ಅಲ್ಲಿಯ ಅಂಗಡಿಯಲ್ಲಿ ನ್ಯೂಶಾಟೆಲ್ ಎಂದರೆ ಜಿಡ್ಡು ಕಡಿಮೆ ಮಾಡಿದ ಕ್ರೀಮ್ ಚೀಸ್. ಬಿಳಿ ಪದರವಿಲ್ಲ, ಮಾಗಿಸುವುದಿಲ್ಲ, ಬ್ರೇ ಸೀಮೆಯ ಒಂದು ಹನಿ ಹಾಲೂ ಅದರಲ್ಲಿಲ್ಲ. ಅಲ್ಲಿ ಹೆಸರೊಂದು ಉಳಿಯಿತು, ಪದಾರ್ಥ ಬೇರೆಯಾಯಿತು.

ಇಲ್ಲಿ ಹಾಲು ಪರೀಕ್ಷಕರಿಗೆ ಒಂದು ಸೂಚನೆ. ಫ್ರೆಂಚ್ ನ್ಯೂಶಾಟೆಲ್ ಮೇಲೆ 45 ಪರ್ಸೆಂಟ್ ಜಿಡ್ಡು ಎಂದು ಬರೆದಿರುತ್ತದೆ. ಅದನ್ನು ನೋಡಿ ಅಮೆರಿಕದ ಕ್ರೀಮ್ ಚೀಸಿಗಿಂತ ಇದರಲ್ಲಿ ಜಿಡ್ಡು ಹೆಚ್ಚೆಂದು ತಿಳಿಯಬಾರದು. ಆ 45 ಎಂಬುದು ಚೀಸಿನಲ್ಲಿರುವ ನೀರು ತೆಗೆದು ಒಣ ಪದಾರ್ಥದ ಮೇಲೆ ಹಾಕಿದ ಲೆಕ್ಕ. 100 ಗ್ರಾಂ ಚೀಸಿನಲ್ಲಿ 60 ಗ್ರಾಂ ನೀರು, 40 ಗ್ರಾಂ ಒಣ ಪದಾರ್ಥ ಇದೆಯೆನ್ನಿ. 40ರಲ್ಲಿ 45 ಪರ್ಸೆಂಟ್ ಎಂದರೆ 18 ಗ್ರಾಂ. ಅಂಕಿ ಓದುವಾಗ ಅದು ಯಾವುದರ ಮೇಲಿನ ಅಂಕಿ ಎಂದು ಕೇಳಬೇಕು. ಡೈರಿಯ ಚೀಟಿಗೂ ಈ ಮಾತು ಅನ್ವಯಿಸುತ್ತದೆ.

ಹಾಗಾದರೆ ಬ್ರೇ ಸೀಮೆಯ ರೈತರು ಏನು ಮಾಡಿದರು? ಅವರು ತಮ್ಮ ಮೇಲೆ ತಾವೇ ಕಟ್ಟುಪಾಡು ಹಾಕಿಕೊಂಡರು. 1969ರಲ್ಲಿ ಫ್ರಾನ್ಸ್ ಸರ್ಕಾರ ನ್ಯೂಶಾಟೆಲ್ ಚೀಸಿಗೆ ಮೂಲಸ್ಥಾನದ ಮಾನ್ಯತೆ ನೀಡಿತು. 1996ರಲ್ಲಿ ಇಡೀ ಯೂರೋಪ್ ಒಕ್ಕೂಟದಲ್ಲಿ ಆ ಹೆಸರಿಗೆ ರಕ್ಷಣೆ ದೊರೆಯಿತು. ಗೊತ್ತುಪಡಿಸಿದ ಗಡಿಯೊಳಗಿನ ಹಾಲೇ ಆಗಬೇಕು. ಹಸುಗಳು ಹುಲ್ಲುಗಾವಲಿನಲ್ಲಿ ಮೇಯಬೇಕು. ನಾರ್ಮಂಡ್ ತಳಿ ಹಿಂಡಿನಲ್ಲಿರಬೇಕು. ಹೆಪ್ಪು, ಬಸಿಯುವುದು, ಅಚ್ಚು, ಮಾಗಿಸುವ ದಿನ ಎಲ್ಲಕ್ಕೂ ನಿಯಮ. ಇದರಲ್ಲಿ ಒಂದು ತಪ್ಪಿದರೂ ಆ ಹೆಸರಿನಲ್ಲಿ ಮಾರುವಂತಿಲ್ಲ. ಹೀಗಾಗಿ ಇಂದಿಗೂ ಅಲ್ಲಿ ತಮ್ಮ ಹಸುವಿನ ಹಾಲಿನಿಂದ ತಮ್ಮ ಮನೆಯಲ್ಲೇ ಚೀಸ್ ಮಾಡಿ ಮಾರುವ ರೈತ ಕುಟುಂಬಗಳಿವೆ.

ನಮ್ಮ ದೇಶದಲ್ಲೂ 1999ರಲ್ಲಿ ಭೌಗೋಳಿಕ ಗುರುತಿನ ಕಾಯಿದೆ ಬಂತು, 2003ರಿಂದ ಜಾರಿಯಲ್ಲಿದೆ. ನಮ್ಮ ಧಾರವಾಡ ಪೇಡೆಗೆ ಆ ಮಾನ್ಯತೆ ಇದೆ. ಪೇಡೆಯೂ ಹಾಲಿನ ಪದಾರ್ಥವೇ. ಆದ್ದರಿಂದ ಇದು ನಮಗೆ ಪರಕೀಯ ವಿಚಾರವಲ್ಲ.

ಆದರೆ ಬಂಧುಗಳೇ, ಮಾನ್ಯತೆಯ ಪತ್ರದಿಂದ ಚೀಸ್ ಗಟ್ಟಿಯಾಗುವುದಿಲ್ಲ. ಅದು ಗಟ್ಟಿಯಾಗುವುದು ಹೆಪ್ಪಿನಿಂದ. ಹೆಪ್ಪು ಜೀವಂತ ವಸ್ತು. ಹಾಲಿನಲ್ಲಿ ಔಷಧವಿದ್ದರೆ ಅದು ಸಾಯುತ್ತದೆ. ಇಲ್ಲಿ ನನ್ನದೇ ಒಂದು ತಪ್ಪನ್ನು ತಮ್ಮ ಮುಂದೆ ಹೇಳಬೇಕು.

ನಾನು ಕೆಲಸಕ್ಕೆ ಸೇರಿದ ಎರಡನೆಯ ವರ್ಷ. ಒಂದು ಹಳ್ಳಿಯಲ್ಲಿ ಒಂದು ಮಿಶ್ರತಳಿ ಹಸುವಿಗೆ ಕೆಚ್ಚಲು ಬಾವು ಬಂದಿತ್ತು. ಹೋಗಿ ಚುಚ್ಚುಮದ್ದು ಕೊಟ್ಟೆ, ಮೊಲೆಗೆ ಟ್ಯೂಬ್ ಏರಿಸಿದೆ, ಉಳಿದ ಟ್ಯೂಬ್‌ಗಳನ್ನು ಮನೆಯ ಯಜಮಾನರ ಕೈಗೆ ಕೊಟ್ಟೆ. "ಚಿಕಿತ್ಸೆ ಮುಗಿದು ಮೂರು ದಿನ ಕಳೆಯುವವರೆಗೆ ಹಾಲು ಹಾಕಬೇಡಿ" ಎಂದು ಬಾಯಿಮಾತಿನಲ್ಲಿ ಹೇಳಿ ಬೈಕ್ ಹತ್ತಿದೆ. ಅವರು "ಆಯ್ತು ಸಾರ್" ಎಂದರು. ಮರುದಿನ ಅವರು ಯಾವುದೋ ಕೆಲಸದ ಮೇಲೆ ಪಕ್ಕದ ಊರಿಗೆ ಹೋದರು. ಮನೆಯಲ್ಲಿ ಹಾಲು ಕರೆಯುವವರು ಅವರ ಹೆಂಡತಿ. ಡೈರಿಗೆ ಹಾಲು ಹಾಕುವವರೂ ಅವರೇ. ಆ ತಾಯಿಗೆ ನಾನು ಏನೂ ಹೇಳಿರಲಿಲ್ಲ. ಅವರು ಕೊಟ್ಟಿಗೆಯ ಬಾಗಿಲಲ್ಲೇ ನಿಂತಿದ್ದರು, ಆದರೂ ಹೇಳಿರಲಿಲ್ಲ.

ನಾಲ್ಕನೆಯ ದಿನ ಆ ಕಡೆ ಹೋದಾಗ ಆ ತಾಯಿ ಕರೆದರು. "ಹಸ ಗುಣ ಆಯ್ತು ಸಾರ್. ಆದ್ರೆ ಮೂರು ದಿನದಿಂದ ಮನೇಲಿ ಮೊಸರೇ ಹೆಪ್ಪಾಗ್ತಿಲ್ಲ. ಪಕ್ಕದ ಮನೆಯಿಂದ ಹೆಪ್ಪು ತಂದು ಹಾಕಿದ್ರೂ ಅಷ್ಟೆ. ಯಾರ ಕಣ್ಣು ಬಿತ್ತೋ ಏನೋ, ಉಪ್ಪು ನಿವಾಳಿಸಿದೆ" ಎಂದರು. ನನಗೆ ನಿಂತ ನೆಲ ಕುಸಿದಂತಾಯಿತು. ಕಣ್ಣು ಬಿದ್ದದ್ದಲ್ಲ, ನನ್ನ ಟ್ಯೂಬು ಬಿದ್ದದ್ದು. ಮನೆಗೆ ಇಟ್ಟುಕೊಂಡ ಹಾಲು ಬಿಟ್ಟು ಉಳಿದದ್ದೆಲ್ಲ ಎರಡು ಹೊತ್ತೂ ಸಂಘದ ಕ್ಯಾನಿಗೆ ಸೇರಿತ್ತು. ಅದೇ ಮನೆಯ ಹಾಲನ್ನು ಪಕ್ಕದ ಮನೆಯ ಎಳೆಮಗುವಿಗೂ ಕುಡಿಸುತ್ತಿದ್ದರು.

ಮಗುವಿಗೆ ಏನೂ ಆಗಲಿಲ್ಲ. ಅದು ನನ್ನ ಪುಣ್ಯ, ನನ್ನ ಜಾಣತನವಲ್ಲ. ಅಂದು ನಾನು ಕಲಿತದ್ದು ಎರಡು. ಹಾಲು ಕಾಯಿಸಿದರೆ ಔಷಧ ಹೋಗುತ್ತದೆಂಬುದು ಸುಳ್ಳು. ಕಾಯಿಸಿದರೂ, ಪಾಶ್ಚರೀಕರಿಸಿದರೂ ಅದರ ಬಹುಪಾಲು ಹಾಗೆಯೇ ಉಳಿಯುತ್ತದೆ. ಎರಡನೆಯದು, ಸೂಚನೆಯನ್ನು ಯಜಮಾನನಿಗೆ ಹೇಳಿದರೆ ಸಾಲದು, ಹಾಲು ಕರೆಯುವ ಕೈಗೆ ಹೇಳಬೇಕು. ಅಂದಿನಿಂದ ನಾನು ಚೀಟಿ ಬರೆಯದೆ ಕೊಟ್ಟಿಗೆ ಬಿಟ್ಟಿಲ್ಲ.

ಹಿಂದೆ ಒಬ್ಬರ ಹಾಲು ಕೆಟ್ಟರೆ ಒಂದು ಕ್ಯಾನು ಕೆಡುತ್ತಿತ್ತು. ಈಗ ಊರೂರಿನ ಹಾಲು ಶೀತಲ ಘಟಕದ ಒಂದೇ ತೊಟ್ಟಿಗೆ ಬೀಳುತ್ತದೆ. ಹತ್ತಾರು ಮನೆಯವರ ಶುದ್ಧ ಹಾಲಿಗೆ ಒಬ್ಬರ ಹಾಲು ಸೇರಿ, ಆ ಟ್ಯಾಂಕರ್ ಹಾಲಿನಿಂದ ಮೊಸರೂ ಆಗದೆ ಚೀಸೂ ಆಗದೆ ಹೋದರೆ ನಷ್ಟ ಯಾರಿಗೆ? ಒಕ್ಕೂಟಕ್ಕೆ ಎಂದು ಕೈತೊಳೆದುಕೊಳ್ಳುವಂತಿಲ್ಲ. ಒಕ್ಕೂಟ ಎಂದರೆ ನಾವೇ.

ಇನ್ನೊಂದು ಎಚ್ಚರಿಕೆ. ಬ್ರೇ ಸೀಮೆಯಲ್ಲಿ ಹಲವರು ಕಾಯಿಸದ ಹಸಿ ಹಾಲಿನಿಂದಲೇ ಈ ಚೀಸ್ ಮಾಡುತ್ತಾರೆ. ಅದನ್ನು ಕೇಳಿ ಯಾರೂ ಇಲ್ಲಿ ಪ್ರಯೋಗ ಮಾಡಬಾರದು. ಕಂದು ಹಾಕುವ ರೋಗ, ಅಂದರೆ ಬ್ರುಸೆಲ್ಲೋಸಿಸ್, ಹಸಿ ಹಾಲಿನ ಮೂಲಕ ಮನುಷ್ಯರಿಗೆ ಬರುತ್ತದೆ. ತಿಂಗಳುಗಟ್ಟಲೆ ಬಿಟ್ಟು ಬಿಟ್ಟು ಜ್ವರ, ಕೀಲು ನೋವು, ಗಂಡಸರಿಗೆ ವೃಷಣದ ಬಾವು ತರುತ್ತದೆ. ಫ್ರಾನ್ಸ್ ದಶಕಗಳ ಕಾಲ ಹಸುಗಳನ್ನು ಪರೀಕ್ಷಿಸಿ 2005ರಲ್ಲಿ ದನಗಳ ಬ್ರುಸೆಲ್ಲೋಸಿಸ್‌ನಿಂದ ಮುಕ್ತ ದೇಶವೆಂಬ ಮಾನ್ಯತೆ ಪಡೆಯಿತು. ಅಷ್ಟಾದರೂ ಲಿಸ್ಟೀರಿಯ ಎಂಬ ಸೂಕ್ಷ್ಮಾಣುವಿನ ಭಯದಿಂದ ಗರ್ಭಿಣಿಯರು ಹಸಿ ಹಾಲಿನ ಮೆದು ಚೀಸ್ ತಿನ್ನಬಾರದೆಂದು ಅಲ್ಲಿಯ ವೈದ್ಯರೇ ಹೇಳುತ್ತಾರೆ. ನಮ್ಮಲ್ಲಿ ಆ ರೋಗ ಇನ್ನೂ ಇದೆ. 2019ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ 4ರಿಂದ 8 ತಿಂಗಳ ಹೆಣ್ಣುಕರುಗಳಿಗೆ ಇದರ ವಿರುದ್ಧ ಲಸಿಕೆ ಹಾಕಲಾಗುತ್ತಿದೆ. ಒಮ್ಮೆ ಹಾಕಿಸಿದರೆ ಸಾಕು. ದಯವಿಟ್ಟು ಕರುಗಳನ್ನು ಬಚ್ಚಿಡದೆ ತನ್ನಿ.

ಕೊನೆಯದಾಗಿ, ಮನೆಗೆ ಹೋಗುವಾಗ ನೆನಪಿಡಬೇಕಾದ ನಾಲ್ಕು ಮಾತು.

ಒಂದು: ಚಿಕಿತ್ಸೆ ಪಡೆದ ಹಸುವಿನ ಹಾಲನ್ನು ಔಷಧದ ಮೇಲೆ ಬರೆದಿರುವ ಅವಧಿ ಮುಗಿಯುವವರೆಗೆ ಡೈರಿಗೂ ಹಾಕಬೇಡಿ, ಮಕ್ಕಳಿಗೂ ಕೊಡಬೇಡಿ. ಅವಧಿ ಬರೆದಿಲ್ಲದಿದ್ದರೆ ಕನಿಷ್ಠ 7 ದಿನ ಬಿಡಬೇಕೆಂದು ನಿಯಮವಿದೆ. ಒಂದು ಮೊಲೆಗೆ ಮಾತ್ರ ಟ್ಯೂಬ್ ಏರಿಸಿದ್ದರೂ ನಾಲ್ಕು ಮೊಲೆಯ ಹಾಲನ್ನೂ ಬಿಡಬೇಕು.

ಎರಡು: ವೈದ್ಯರು ಬಂದಾಗ ಹಾಲು ಕರೆಯುವವರು ಎದುರಿಗೆ ಇರಲಿ. ಚಿಕಿತ್ಸೆಯ ದಿನಾಂಕ, ಹಾಲು ಹಾಕಬಹುದಾದ ದಿನಾಂಕ ಎರಡನ್ನೂ ಚೀಟಿಯಲ್ಲಿ ಬರೆಸಿ ಕೊಟ್ಟಿಗೆಯ ಗೋಡೆಗೆ ಅಂಟಿಸಿ.

ಮೂರು: ಔಷಧದಂಗಡಿಯಿಂದ ತಾವೇ ಟ್ಯೂಬ್ ತಂದು ಹಾಕಬೇಡಿ. ಕರೆಯುವ ಮೊದಲು ಕೆಚ್ಚಲು ತೊಳೆದು ಒರೆಸಿ. ಪ್ರತಿ ಮೊಲೆಯ ಮೊದಲ ಹಿಂಡುಗಳನ್ನು ಬೇರೆ ಬಟ್ಟಲಲ್ಲಿ ನೋಡಿ. ಕರೆದ ಮೇಲೆ ಒಂದಿಷ್ಟು ಹೊತ್ತು ಹಸು ಮಲಗದಂತೆ ಮೇವು ಹಾಕಿ. ಬಾವು ಬಾರದಿದ್ದರೆ ಟ್ಯೂಬಿನ ಮಾತೇ ಇಲ್ಲ.

ನಾಲ್ಕು: ಮನೆಯಲ್ಲಿ ಮೊಸರು ಹೆಪ್ಪಾಗದಿದ್ದರೆ ಉಪ್ಪು ನಿವಾಳಿಸುವ ಮೊದಲು ಕೊಟ್ಟಿಗೆಯನ್ನು ನೆನೆಸಿಕೊಳ್ಳಿ. ಹೆಪ್ಪು ಸರಿಯಿದ್ದು, ಹದ ಬಿಸಿ ಇದ್ದೂ ಹಾಲು ಗಟ್ಟಿಯಾಗಲಿಲ್ಲವೆಂದರೆ ಹಸುವಿಗೆ ಕೊಟ್ಟ ಔಷಧವೂ ಕಾರಣವಿರಬಹುದು. ಇದಕ್ಕೆ ಯಂತ್ರ ಬೇಡ, ತಾಯಂದಿರ ಅಡುಗೆಮನೆಯೇ ಮೊದಲ ಪ್ರಯೋಗಶಾಲೆ.

ಆ ತಾಯಿಯ ಪ್ರಶ್ನೆಗೆ ಈಗ ಉತ್ತರ ಹೇಳುತ್ತೇನೆ. ಅಮ್ಮಾ, ಆ ಡಬ್ಬಿಯಲ್ಲಿ ಇರುವುದು ಹಾಲು, ಕೆನೆ, ಹೆಪ್ಪು ಮತ್ತು ಉಪ್ಪು. ಬೆಲೆ ಬಂದದ್ದು ಬಹುಮಟ್ಟಿಗೆ ಹೆಸರಿನಿಂದ. ಕ್ರೀಮ್ ಚೀಸಿನಲ್ಲಿ ಆ ಹೆಸರು ಕಂಪನಿಯವರ ಕೈಸೇರಿತು. ಬ್ರೇ ಸೀಮೆಯಲ್ಲಿ ರೈತರೇ ಅದನ್ನು ಉಳಿಸಿಕೊಂಡರು, ಏಕೆಂದರೆ ಯಾರೂ ನೋಡದಿದ್ದಾಗಲೂ ಕಟ್ಟುಪಾಡು ಮೀರಬಾರದೆಂದು ಅವರು ಒಪ್ಪಿಕೊಂಡರು. ನಮ್ಮ ಸಂಘದ ಹೆಸರು ಪ್ರತಿದಿನ ಬೆಳಿಗ್ಗೆ ತಮ್ಮ ಕೊಟ್ಟಿಗೆಯಲ್ಲಿ, ತಮ್ಮ ಕೈಯಲ್ಲಿದೆ.

 ಸಂಜೆಯ ಹಾಲು ಕರೆಯುವ ಹೊತ್ತಾಯಿತು, ಹೊರಡೋಣ.